ಕಾರಿನ ಆಸೆ ತಪ್ಪಲ್ಲ, ಈ ಸಾಲ ಬೇಡ

ಪ್ರಶ್ನೆ: ನನಗೆ 26 ವರ್ಷ. ಐಟಿಐ ಮುಗಿಸಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ. ಪಿಎಫ್ ಎಲ್ಲ ಕಳೆದು ಕೈಗೆ 27,000 ರೂಪಾಯಿ ಬರುತ್ತದೆ. ಅದರಲ್ಲಿ ಮನೆಗೆ 11,000 ಕೊಡುತ್ತೇನೆ. ಹೊಸಪೇಟೆಯಲ್ಲಿ 2015ರ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ಮಾರಾಟಕ್ಕಿದೆ. ಹೊರರಾಜ್ಯದ ನಂಬರ್, ಏಳೂವರೆ ಲಕ್ಷ ಹೇಳುತ್ತಿದ್ದಾರೆ. ಒಮ್ಮೆ ಓಡಿಸಿ ನೋಡಿದೆ. ಆ ಪಿಕಪ್ ಇನ್ನೂ ಮೈಯಲ್ಲೇ ಇದೆ. ಫೈನಾನ್ಸ್‌ನವರು 6 ಲಕ್ಷ ಕೊಡಲು ಒಪ್ಪಿದ್ದಾರೆ. ನನ್ನ ಉಳಿತಾಯ 1 ಲಕ್ಷ ಇದೆ. ಉಳಿದ 50,000 ಕೈಗಡವಾಗಿ, ನೂರಕ್ಕೆ ಮೂರರ ಬಡ್ಡಿಗೆ ಸಿಗುತ್ತದೆ.

ಅಪ್ಪ ಮಾತ್ರ ಸಾಲದ ಮಾತೆತ್ತಿದರೆ ಎದ್ದು ಹೋಗುತ್ತಾರೆ. 2008ರಲ್ಲಿ ಅದಿರು ಸಾಗಿಸಲೆಂದು ಸಾಲ ಮಾಡಿ ಲಾರಿ ತಂದಿದ್ದರು. ಗಣಿ ನಿಂತ ಮೇಲೆ ಫೈನಾನ್ಸ್‌ನವರು ಅದನ್ನು ಒಯ್ದರು. ಆಗ ನಾನಿನ್ನೂ ಸಣ್ಣವನು. ಕೀ ಕೊಡುವ ಮುಂಚೆ ಅಪ್ಪ ಕ್ಯಾಬಿನ್ ಹತ್ತಿ ಸಂಡೂರು ಕುಮಾರಸ್ವಾಮಿ ದೇವರ ಫೋಟೊ ಬಿಚ್ಚಿಕೊಂಡು ಇಳಿದದ್ದು ನೆನಪಿದೆ.

ಹೋದ ತಿಂಗಳು ಸಂಬಂಧಿಕರ ಮದುವೆಗೆ ಹೋಗಿದ್ದೆ. ಕಲ್ಯಾಣ ಮಂಟಪದ ಮುಂದೆ ಬೈಕ್ ನಿಲ್ಲಿಸುತ್ತಿದ್ದಾಗ ಒಬ್ಬರು, 'ದೊಡ್ಡ ಗಾಡಿ ಬರ್ತಾವು, ನಿಂದು ಆ ಕಡೆ ಹಚ್ಚಪ್ಪ' ಅಂದರು. ಆ ರಾತ್ರಿ ಮನೆಯಲ್ಲಿ ಜಗಳವಾಯಿತು. 'ನಿನ್ನಿಂದಾನೇ ನಾವು ಹಿಂಗಾದ್ವಿ' ಎಂದು ಅಪ್ಪನಿಗೆ ಅಂದುಬಿಟ್ಟೆ. ಅವತ್ತಿನಿಂದ ಇಬ್ಬರಲ್ಲಿ ಮಾತಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದರೂ ನಿದ್ದೆ ಬರುವುದಿಲ್ಲ. ಆ ಕಾರಿನ ವಿಡಿಯೊ ನೋಡುತ್ತಾ ಬಿದ್ದಿರುತ್ತೇನೆ. ಭಾನುವಾರದೊಳಗೆ 25,000 ಟೋಕನ್ ಕೊಡದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ನಮ್ಮಂಥವರಿಗೆ ಇಂಥ ಆಸೆ ಬರಲೇಬಾರದೆ?

ಹೆಸರು ಬೇಡ, ವಡ್ಡು

ಉತ್ತರ: ಬರಬಹುದು. ಬಂದದ್ದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತಿದ್ದೇನೆ, ಯಾಕೆಂದರೆ ನಿಮ್ಮನ್ನು ಹೆಚ್ಚು ನೋಯಿಸುತ್ತಿರುವುದು ಅದೇ ಎಂದು ನನಗೆ ಅನಿಸುತ್ತದೆ. ಒಳ್ಳೆಯ ಎಂಜಿನ್ನಿನ ಸದ್ದು ಕೇಳಿ ಖುಷಿಪಡಲು, ಗೇರ್ ಬದಲಾಗುವಾಗ ಬೆನ್ನು ಸೀಟಿಗೆ ಒತ್ತಿಕೊಳ್ಳುವ ಅನುಭವವನ್ನು ಮತ್ತೆ ಮತ್ತೆ ಬಯಸಲು ಯಾರ ಸಂಬಳದ ಚೀಟಿಯೂ ಅಡ್ಡ ಬರಬೇಕಿಲ್ಲ. ದಿನವಿಡೀ ಯಂತ್ರಗಳ ನಡುವೆ ದುಡಿಯುವವರು ನೀವು. ಚೆನ್ನಾಗಿ ಕಟ್ಟಿದ ಯಂತ್ರ ಕಂಡರೆ ನಿಮಗೆ ಪ್ರೀತಿ ಹುಟ್ಟುವುದು ಸಹಜ. ಅದನ್ನು 'ಶೋಕಿ' ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜತೆ ನಾನು ಸೇರುವುದಿಲ್ಲ.

ನಿಮ್ಮ ಪತ್ರವನ್ನು ನಿಧಾನವಾಗಿ ಓದಿದೆ. ಅದರಲ್ಲಿ ಎರಡು ಆಸೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಆ ಗಾಡಿ ಓಡಿಸುವ ಆಸೆ. ಇದು ಶುದ್ಧವಾದದ್ದು, ನಿಮ್ಮದೇ ಆದದ್ದು. ಇನ್ನೊಂದು ಹುಟ್ಟಿದ್ದು ಕಲ್ಯಾಣ ಮಂಟಪದ ಮುಂದೆ. ನಿಮ್ಮ ಬೈಕನ್ನು 'ಆ ಕಡೆ ಹಚ್ಚಪ್ಪ' ಎಂದವರಿಗೆ ಬಹುಶಃ ಆ ಮಾತು ಈಗ ನೆನಪೂ ಇರಲಿಕ್ಕಿಲ್ಲ. ಜಾಗ ಮಾಡಿಸುವ ಗಡಿಬಿಡಿಯಲ್ಲಿ ಅಂದಿರಬಹುದು. ನಿಮಗೆ ಮಾತ್ರ ಅದು 'ನೀನೇ ಆ ಕಡೆ ನಿಲ್ಲು' ಎಂದಂತೆ ಕೇಳಿಸಿತು. ನಾಲ್ಕು ಜನರೆದುರು ಅಂಥ ಮಾತು ಬಿದ್ದಾಗ ಆಗುವ ನೋವು ಸಣ್ಣದಲ್ಲ. ಅದು ಮೈಗೆ ಅಂಟಿಕೊಳ್ಳುತ್ತದೆ, ನಿದ್ದೆ ಕೆಡಿಸುತ್ತದೆ, ಮನೆಗೆ ಬಂದು ಹತ್ತಿರದವರ ಮೇಲೆ ಸಿಟ್ಟಾಗಿ ಇಳಿಯುತ್ತದೆ. ನಿಮ್ಮ ಮನೆಯಲ್ಲೂ ಆದದ್ದು ಅದೇ.

ಒಂದು ಮಾತು ಕೇಳುತ್ತೇನೆ, ಉತ್ತರವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಆ ಕಾರನ್ನು ಯಾರೂ ನೋಡದ ಹೊತ್ತಿನಲ್ಲಿ, ಯಾರೂ ನೋಡದ ರಸ್ತೆಯಲ್ಲಿ ಮಾತ್ರ ಓಡಿಸಬಹುದು ಎಂಬ ಷರತ್ತಿದ್ದರೂ ಇಷ್ಟು ಸಾಲ ಮಾಡುತ್ತಿದ್ದಿರಾ? 'ಹೌದು' ಎನ್ನುವ ಮನಸ್ಸಾದರೆ ಮೊದಲ ಆಸೆ ದೊಡ್ಡದು. ತಡವರಿಸಿದರೆ, ಸಾಲದ ದೊಡ್ಡ ಪಾಲು ಹೋಗುತ್ತಿರುವುದು ಮರ್ಯಾದೆಗೆ. ಗೌರವ ಬೇಕೆನ್ನುವುದೂ ತಪ್ಪಲ್ಲ. ಆದರೆ ಫೈನಾನ್ಸ್‌ನಲ್ಲಿ ತಂದ ಗೌರವ ಒಂದು ಕಂತು ತಪ್ಪಿದ ದಿನ ಎಲ್ಲರೆದುರೇ ಹೊರಟುಹೋಗುತ್ತದೆ. ಇದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ನಿಮ್ಮ ಅಪ್ಪ.

ಅವರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು. 2003ರ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಸಂಡೂರು, ಹೊಸಪೇಟೆ ಸೀಮೆಯಲ್ಲಿ ಏನೇನಾಯಿತು ಎಂಬುದನ್ನು ನಿಮ್ಮ ಓಣಿಯ ಹಿರಿಯರು ಹೇಳಿಯಾರು. ಜೋಳ, ಶೇಂಗಾ ಬೆಳೆಯುತ್ತಿದ್ದವರು ಲಾರಿ ತಂದರು. ಒಂದು ಲಾರಿ ಇದ್ದವರು ಎರಡು ತಂದರು. ಕೋಟಿ ಬೆಲೆಯ ಕಾರುಗಳು ಹೊಸಪೇಟೆಯ ಬೀದಿಯಲ್ಲಿ ಸಾಮಾನ್ಯವಾದವು. ಆ ಕಾರುಗಳನ್ನು ಬೀದಿ ಬದಿ ನಿಂತು ನೋಡಿದ ಮಕ್ಕಳಲ್ಲಿ ನೀವೂ ಒಬ್ಬರಾಗಿರಬೇಕು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಕಾಡು, ನೀರು, ಸರ್ಕಾರದ ಬೊಕ್ಕಸಕ್ಕೆ ಆಗಿದ್ದ ಹಾನಿ ನೋಡಿದರೆ ಆ ಆದೇಶ ಬೇಕೇ ಬೇಕಿತ್ತು. ಆದರೆ ಕಂತಿನ ಮೇಲೆ ಲಾರಿ ತಂದವರು ಅಕ್ರಮ ಮಾಡಿದವರೇನೂ ಆಗಿರಲಿಲ್ಲ, ದುಡಿದು ಬದುಕಲು ಹೊರಟವರು. ಗಣಿ ನಿಂತಿತು, ಕಂತು ನಿಲ್ಲಲಿಲ್ಲ. 2013ರ ಏಪ್ರಿಲ್‌ನಲ್ಲಿ ಕೋರ್ಟ್ ಷರತ್ತಿನ ಮೇಲೆ ಗಣಿಗಳಿಗೆ ಮತ್ತೆ ಅವಕಾಶ ಕೊಡುವ ಹೊತ್ತಿಗೆ ಎಷ್ಟೋ ಮನೆಗಳ ಮುಂದಿನ ಲಾರಿಗಳು ಹೋಗಿಯಾಗಿತ್ತು.

ಆದ್ದರಿಂದ ನಿಮ್ಮ ಅಪ್ಪ ಎದ್ದು ಹೋಗುವುದು ನಿಮ್ಮ ಆಸೆಯನ್ನು ಕಂಡು ಅಲ್ಲ. ಸಾಲ, ಗಾಡಿ, ಫೈನಾನ್ಸ್ ಎಂಬ ಮೂರು ಮಾತು ಒಟ್ಟಿಗೆ ಬಂದಾಗ ಅವರಿಗೆ ಆ ದಿನಗಳು ಎದುರು ಬಂದು ನಿಲ್ಲುತ್ತವೆ. 'ನಿನ್ನಿಂದಾನೇ' ಎಂದಾಗ ಅವರು ತಮಗೆ ತಾವೇ ಎಷ್ಟೋ ರಾತ್ರಿ ಹೇಳಿಕೊಂಡಿರಬಹುದಾದ ಮಾತನ್ನು ಮಗನ ಬಾಯಲ್ಲಿ ಕೇಳಿದರು. ನಿಮ್ಮನ್ನು ಅಪರಾಧಿ ಮಾಡಲು ಇದನ್ನು ಹೇಳುತ್ತಿಲ್ಲ. 'ಅಂದುಬಿಟ್ಟೆ' ಎಂದು ನೀವೇ ಬರೆದಿದ್ದೀರಿ. ಆ ಒಂದು ಮಾತಿನಲ್ಲಿ ನಿಮ್ಮ ಪಶ್ಚಾತ್ತಾಪ ನನಗೆ ಕಾಣುತ್ತದೆ. ಅದು ಅಪ್ಪನಿಗೂ ಕಾಣಬೇಕು.

ಇನ್ನು ಕಾರಿನ ಲೆಕ್ಕ. ಮನಸ್ಸು ಭಾರವಾಗಿರುವಾಗ ಅಂಕಿಗಳು ಬೇಸರ ತರುತ್ತವೆ, ಆದರೂ ಒಮ್ಮೆ ನನ್ನ ಜತೆ ನೋಡಿ. 6 ಲಕ್ಷಕ್ಕೆ ವರ್ಷಕ್ಕೆ ಶೇ 15ರ ಬಡ್ಡಿ, 5 ವರ್ಷದ ಅವಧಿ ಎಂದು ಹಿಡಿದರೆ ತಿಂಗಳ ಕಂತು ಸುಮಾರು 14,270 ರೂಪಾಯಿ. ಐದು ವರ್ಷದಲ್ಲಿ ಬಡ್ಡಿಯೇ ಎರಡೂವರೆ ಲಕ್ಷ ದಾಟುತ್ತದೆ. 50,000ದ ಕೈಗಡಕ್ಕೆ ತಿಂಗಳಿಗೆ 1,500 ಬಡ್ಡಿ, ಅಸಲು ಹಾಗೇ ಉಳಿಯುತ್ತದೆ. ಪೆಟ್ರೋಲ್ ಲೀಟರಿಗೆ ನೂರು ದಾಟಿದೆ. ಆ ಎಂಜಿನ್ನನ್ನು ನೀವು ಬಯಸುವ ಹಾಗೆ ಓಡಿಸಿದರೆ ಲೀಟರಿಗೆ ಹತ್ತು ಕಿಲೋಮೀಟರ್ ಎಂದುಕೊಳ್ಳಿ. ತಿಂಗಳಿಗೆ ಬರೀ 600 ಕಿಲೋಮೀಟರ್ ಓಡಿಸಿದರೂ 6,000 ರೂಪಾಯಿಗೆ ಮೇಲೆ. ವಿಮೆ, ಸರ್ವಿಸ್, ಟೈರಿಗೆಂದು ತಿಂಗಳಿಗೆ 4,000ವಾದರೂ ತೆಗೆದಿಡಬೇಕು. ಎಲ್ಲ ಕೂಡಿಸಿದರೆ 25,800ರ ಹತ್ತಿರ. ನಿಮ್ಮ ಕೈಗೆ ಬರುವುದು 27,000. ಮನೆಗೆ ಕೊಡುವ 11,000 ಎಲ್ಲಿಂದ ಬರಬೇಕು? ಗುತ್ತಿಗೆ ಬದಲಾಗಿ ಎರಡು ತಿಂಗಳು ಕೆಲಸವಿಲ್ಲದಿದ್ದರೆ?

ಇದರ ಜತೆಗೆ ಹಳೆಯ ದುಬಾರಿ ಕಾರುಗಳ ಒಂದು ಗುಟ್ಟಿದೆ. ಮಾರುವವರು ಇದನ್ನು ಹೇಳುವುದಿಲ್ಲ. ಹೊಸದಿದ್ದಾಗ ಇಪ್ಪತ್ತು ಲಕ್ಷದ ಆಸುಪಾಸು ಬೆಲೆಯಿದ್ದ ಕಾರು ಈಗ ಏಳೂವರೆಗೆ ಸಿಗುತ್ತಿದೆ. ಕಾರಿನ ಬೆಲೆ ಇಳಿದಿದೆ, ಅದರ ಬಿಡಿಭಾಗದ ಬೆಲೆ ಇಳಿದಿಲ್ಲ. ಕೆಟ್ಟಾಗ ಅದು ನಿಮ್ಮಿಂದ ಇಪ್ಪತ್ತು ಲಕ್ಷದ ಕಾರಿನ ಖರ್ಚನ್ನೇ ಕೇಳುತ್ತದೆ. ಸುಮಾರು 180 ಬಿಎಚ್‌ಪಿಯ ಆ ಎಂಜಿನ್ನಿಗೆ ಜೋಡಿಸಿರುವುದು ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸ್. ಅದರ ಮೆಕಟ್ರಾನಿಕ್ ಭಾಗ ಕೆಟ್ಟು ಬದಲಿಸಬೇಕಾದರೆ ಖರ್ಚು ಲಕ್ಷ ದಾಟಬಹುದು. ನಿಮ್ಮ ಕಡೆಯ ಕೆಂಪು ಧೂಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಅದಿರಿನ ಟಿಪ್ಪರ್‌ಗಳ ಹಿಂದೆ ನಾಲ್ಕು ದಿನ ಓಡಾಡಿದ ಗಾಡಿಯ ಏರ್ ಫಿಲ್ಟರ್ ತೆಗೆದು ನೋಡಿ, ಬಿಳಿ ಕಾಗದದ ಮಡಿಕೆಗಳೆಲ್ಲ ಕೆಂಪಾಗಿರುತ್ತವೆ. ಟರ್ಬೊ ಎಂಜಿನ್ನಿಗೆ ಶುದ್ಧ ಗಾಳಿ, ಹೊತ್ತಿಗೆ ಸರಿಯಾಗಿ ಬದಲಿಸಿದ ಆಯಿಲ್ ಎರಡೂ ಬೇಕೇ ಬೇಕು. ತಪ್ಪಿದರೆ ಅದು ಬಹಳ ದಿನ ತಾಳುವುದಿಲ್ಲ.

ಹೊರರಾಜ್ಯದ ನಂಬರ್ ಎಂದಿದ್ದೀರಿ. ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಿ, ಕಾರಿನ ವಯಸ್ಸು ಮತ್ತು ಮೂಲ ಬೆಲೆಯ ಲೆಕ್ಕದಲ್ಲಿ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ದೇಶದಲ್ಲಿ ರಸ್ತೆ ತೆರಿಗೆ ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಈ ಮೊತ್ತ ಏಳೂವರೆ ಲಕ್ಷದಲ್ಲಿ ಸೇರಿದೆಯೆ, ಕೇಳಿದಿರಾ? ಇನ್ನೊಂದು ಸಂಗತಿ. 2015ರಲ್ಲಿ ನೋಂದಣಿಯಾದ ಕಾರಿನ 15 ವರ್ಷದ ಅವಧಿ 2030ಕ್ಕೆ ಮುಗಿಯುತ್ತದೆ. ಇಂದು ಸಾಲ ಮಾಡಿದರೆ ನಿಮ್ಮ ಕೊನೆಯ ಕಂತು ಬೀಳುವ ಹೊತ್ತಿಗೆ ಆ ಅವಧಿ ಹೆಚ್ಚುಕಡಿಮೆ ಮುಗಿದೇ ಇರುತ್ತದೆ. ಸಾಲ ತೀರಿದ ದಿನ ಕೈಯಲ್ಲಿ ಉಳಿಯುವುದು ಮತ್ತೆ ಎಫ್‌ಸಿ ಮಾಡಿಸಬೇಕಾದ ಗಾಡಿ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಈ ಕಾರು, ಈ ಸಾಲ, ಈಗ ಬೇಡ. ಆಸೆಯನ್ನು ಮಾತ್ರ ಬಿಡಬೇಡಿ.

ಮೊದಲು ಅಪ್ಪನ ಜತೆ ಮಾತು. ದೊಡ್ಡ ಕ್ಷಮಾಪಣೆಯ ಭಾಷಣ ಬೇಕಿಲ್ಲ. 'ಅವತ್ತು ಹಂಗ ಅನ್ನಬಾರದಿತ್ತಪ್ಪ, ತಪ್ಪಾತು' ಎಂದರೆ ಸಾಕು. ಅವರು ತಕ್ಷಣ ಏನೂ ಹೇಳದಿದ್ದರೂ ಎದ್ದು ಹೋಗಬೇಡಿ, ಪಕ್ಕದಲ್ಲೇ ಕೂತಿರಿ. ಮದುವೆ ಮನೆಯಲ್ಲಿ ಆದದ್ದನ್ನೂ ಹೇಳಿ. ಬಹುಶಃ ಅವರಿಗೆ ಅದು ಗೊತ್ತೇ ಇಲ್ಲ. ಮಗ ಕಾರಿಗಾಗಿ ಹಟ ಹಿಡಿದಿದ್ದಾನೆ ಎಂದಷ್ಟೇ ಅವರು ತಿಳಿದಿರಬಹುದು. ಆಮೇಲೆ, ಇನ್ನೊಂದು ದಿನ, ಲಾರಿಯ ಬಗ್ಗೆ ಕೇಳಿ. ಯಾವ ಲೋಡಿಗೆ ಎಷ್ಟು ಸಿಗುತ್ತಿತ್ತು, ಯಾವ ತಿಂಗಳಿಂದ ಕಂತು ಕಷ್ಟವಾಯಿತು, ಯಾರು ಏನೆಂದರು ಎಂದು ಕೇಳಿ. ಸೋತ ಕಥೆಯನ್ನು ಮಗನೆದುರು ಹೇಳಿಕೊಳ್ಳಲು ಅಪ್ಪಂದಿರಿಗೆ ಅವಕಾಶವೇ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಅದು ಸಿಗಲಿ. ವರ್ಷಗಟ್ಟಲೆ ಲಾರಿ ನಡೆಸಿದವರಿಗೆ ಎಂಜಿನ್ನಿನ ಸದ್ದು ಕೇಳಿಯೇ ರೋಗ ಗೊತ್ತಾಗುತ್ತದೆ. ಮುಂದೆ ನೀವು ಯಾವ ಗಾಡಿ ನೋಡಲು ಹೋದರೂ ಅವರನ್ನೇ ಕರೆದುಕೊಂಡು ಹೋಗಿ. ಅವರು ಬರಲು ಒಪ್ಪಿದ ದಿನ ನಿಮ್ಮಿಬ್ಬರ ನಡುವಿನ ಅರ್ಧ ಗಂಟು ಬಿಚ್ಚಿದಂತೆ.

ಹಣದ ಕಡೆಯಿಂದ ಒಂದು ಪ್ರಯೋಗ ಮಾಡಿ. ಕಾರು ಬಂದಿದೆ ಎಂದುಕೊಂಡು ಮೂರು ತಿಂಗಳು, ಸಂಬಳ ಬಂದ ದಿನವೇ 14,000 ರೂಪಾಯಿಯನ್ನು ಬೇರೆ ಖಾತೆಗೆ ಹಾಕಿ. ಮನೆಗೆ ಕೊಡುವುದನ್ನು ನಿಲ್ಲಿಸಬೇಡಿ, ಕೈಗಡ ತರಬೇಡಿ. ಎಷ್ಟು ದಿನ ನಡೆಯುತ್ತದೆ ನೋಡಿ. ಎರಡನೇ ತಿಂಗಳೇ ಉಸಿರು ಕಟ್ಟಿದರೆ ಕಂತಿನ ಭಾರ ಏನೆಂದು ಸಾಲವಿಲ್ಲದೆಯೇ ತಿಳಿದಂತಾಯಿತು, ಹಣವೂ ನಿಮ್ಮಲ್ಲೇ ಉಳಿಯಿತು. ಆಮೇಲೆ ನಿಜವಾಗಿ ನಿಮ್ಮಿಂದ ಆಗುವ ಮೊತ್ತವನ್ನು, 8,000 ಎಂದುಕೊಳ್ಳಿ, ಬ್ಯಾಂಕಿನಲ್ಲಿ ಆರ್‌ಡಿ ಮಾಡಿ. ಎರಡು ವರ್ಷಕ್ಕೆ 1,92,000 ರೂಪಾಯಿ. ಈಗಿನ ಒಂದು ಲಕ್ಷ, ಬಡ್ಡಿ ಸೇರಿ ಮೂರು ಲಕ್ಷ ದಾಟುತ್ತದೆ.

ಮೂರು ಲಕ್ಷದ ಹಣ ಕೈಯಲ್ಲಿದ್ದರೆ ನೀವು ಬೇರೆಯೇ ಮನುಷ್ಯರಾಗಿ ಸೆಕೆಂಡ್ ಹ್ಯಾಂಡ್ ಕಾರಿನ ಮಾರುಕಟ್ಟೆಗೆ ಹೋಗುತ್ತೀರಿ. ಚೆನ್ನಾಗಿಟ್ಟುಕೊಂಡ ಪೆಟ್ರೋಲ್ ಸ್ವಿಫ್ಟ್ ಸಾಲವಿಲ್ಲದೆಯೋ, ಸಣ್ಣ ಸಾಲದಲ್ಲೋ ಬರುತ್ತದೆ. ಟರ್ಬೊನೇ ಬೇಕೆಂದರೆ 2017ರಲ್ಲಿ ಬಂದ ಬಲೆನೊ ಆರ್‌ಎಸ್ ಇದೆ. ನೂರು ಬಿಎಚ್‌ಪಿ, ಹಗುರ ಮೈ, ಮಾರುತಿಯ ಸರ್ವಿಸ್ ಎಲ್ಲ ಕಡೆ ಸಿಗುತ್ತದೆ. ಹಗುರ ಗಾಡಿಯನ್ನು ಕೈಗೇರಿನಲ್ಲಿ ಚೆನ್ನಾಗಿ ಓಡಿಸುವ ಖುಷಿ ಏನೆಂದು ಬಲ್ಲವರನ್ನು ಕೇಳಿ. ಮೂರು ತಿಂಗಳ ಮನೆಖರ್ಚನ್ನು ಮುಟ್ಟದೆ ಪಕ್ಕಕ್ಕಿಟ್ಟ ಮೇಲೆ, ಕಾರಿನ ಒಟ್ಟು ಖರ್ಚು ಸಂಬಳದ ಐದರಲ್ಲೊಂದು ಪಾಲನ್ನು ದಾಟದಂತೆ ನೋಡಿಕೊಂಡರೆ ನಾನು ಖುಷಿಯಿಂದ 'ತನ್ನಿ' ಎನ್ನುತ್ತೇನೆ.

ಯಾವ ಹಳೆಯ ಗಾಡಿಯಾದರೂ ಸರಿ, ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಸಾಲದ ನಮೂದು ಇದೆಯೆ, ವಿಮೆ ಎಂದಿನವರೆಗೆ ಎಂದು ನೋಡಿ. ಆರ್‌ಸಿಯಲ್ಲಿ ಆ ಸಾಲದ ನಮೂದು (ಎಚ್‌ಪಿ) ತೆಗೆಸಿಲ್ಲದ ಗಾಡಿ ಬೇಡ. 'ಆರ್‌ಸಿ ಆಮೇಲೆ ಮಾಡಿಸಿಕೊಂಡ್ರಾಯ್ತು' ಎನ್ನುವವರ ಗಾಡಿಯೂ ಬೇಡ. ಮಾರುವವರಿಗೆ ಗುರುತಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು ಪರೀಕ್ಷೆ ಮಾಡಿಸಿ. ಹತ್ತಿರದ ಅಧಿಕೃತ ಸರ್ವಿಸ್ ಎಲ್ಲಿದೆ, ಕೆಟ್ಟ ಗಾಡಿಯನ್ನು ಅಲ್ಲಿಗೆ ಎತ್ತಿಕೊಂಡು ಹೋಗಲು ಎಷ್ಟಾಗುತ್ತದೆ ಎಂಬುದೂ ಕೊಳ್ಳುವ ಮುಂಚೆಯೇ ಗೊತ್ತಿರಲಿ.

ವೇಗದ ಹಸಿವಿಗೆ ಸ್ವಂತ ಕಾರೊಂದೇ ದಾರಿಯಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಗೆ ನಮ್ಮ ರಾಜ್ಯದಲ್ಲಿ ದೊಡ್ಡ ಹೆಸರಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿಗಳು ನಡೆಯುತ್ತವೆ. ಒಮ್ಮೆ ಹೋಗಿ ನೋಡಿ. ಅಲ್ಲಿ ಸ್ವಯಂಸೇವಕರಿಗೂ ಯಂತ್ರ ಬಲ್ಲ ಕೈಗಳಿಗೂ ಕೆಲಸವಿರುತ್ತದೆ. ಹೊಸಪೇಟೆ–ಬಳ್ಳಾರಿ ಹೆದ್ದಾರಿಯಲ್ಲಿ, ಅದಿರಿನ ಲಾರಿಗಳ ನಡುವೆ, ಪಿಕಪ್ ಪರೀಕ್ಷೆ ಮಾತ್ರ ಬೇಡ. ಅಲ್ಲಿ ನಿಮ್ಮ ಜೀವದ ಜತೆ ಇತರರ ಜೀವವೂ ಇರುತ್ತದೆ.

ನಿದ್ದೆಯ ವಿಷಯ. ಪಾಳಿ ಕೆಲಸದವರಿಗೆ ನಿದ್ದೆ ಮೊದಲೇ ಕಷ್ಟ, ಅದರ ಮೇಲೆ ಈ ಸಂಕಟ. ಮಲಗುವ ಮುಂಚೆ ಆ ವಿಡಿಯೊಗಳನ್ನು ಕೆಲವು ವಾರ ನಿಲ್ಲಿಸಿ. ಆಮೇಲೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬಂಥ ಯೋಚನೆ ಒಮ್ಮೆಯಾದರೂ ಬಂದರೆ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗೆ ಹೋಗಲು ಸಂಕೋಚ ಬೇಡ. 1980ರ ದಶಕದಲ್ಲಿ ನಿಮ್ಹಾನ್ಸ್‌ನ ವೈದ್ಯರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮನಸ್ಸಿನ ಚಿಕಿತ್ಸೆ ಕೊಡುವ ಪ್ರಯೋಗವನ್ನು ನಡೆಸಿದ್ದು ನಿಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ 'ಬಳ್ಳಾರಿ ಮಾದರಿ'ಯೇ ಬುನಾದಿ. ಮನಸ್ಸಿಗೆ ಮದ್ದು ಕೇಳುವುದು ನಿಮ್ಮ ನೆಲಕ್ಕೆ ಹೊಸದಲ್ಲ.

ಇದನ್ನು ಓದುತ್ತಿರುವ ಬೇರೆಯವರಲ್ಲಿ ಈಗಾಗಲೇ ಇಂಥ ಸಾಲ ಮಾಡಿ ಸಿಕ್ಕಿಕೊಂಡವರೂ ಇರಬಹುದು. ಕಂತು ತಪ್ಪುವ ಮುಂಚೆಯೇ ಸಾಲ ಕೊಟ್ಟವರ ಕಚೇರಿಗೆ ಹೋಗಿ ಅವಧಿ ಬದಲಿಸಲು ಲಿಖಿತವಾಗಿ ಕೇಳಿ. ಬ್ಯಾಂಕ್ ಅಥವಾ ನೋಂದಾಯಿತ ಫೈನಾನ್ಸ್ ಸಂಸ್ಥೆಯ ಮೇಲೆ ದೂರಿದ್ದರೆ, ಅವರು ಪರಿಹರಿಸದಿದ್ದಲ್ಲಿ ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಬಹುದು. ಮೀಟರ್ ಬಡ್ಡಿಯವರು ಮನೆ ಬಾಗಿಲಿಗೆ ಬಂದು ಹೆದರಿಸಿದರೆ ಸುಮ್ಮನಿರಬೇಡಿ, ಪೊಲೀಸ್ ಠಾಣೆಗೆ ಹೋಗಿ. ಮಿತಿಮೀರಿದ ಬಡ್ಡಿಯನ್ನು ತಡೆಯುವ ಕಾನೂನು ನಮ್ಮ ರಾಜ್ಯದಲ್ಲಿ 2004ರಿಂದಲೇ ಇದೆ. ಕಿರುಸಾಲದ ಹೆಸರಿನ ಕಿರುಕುಳದ ವಿರುದ್ಧ 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೂ ತಂದಿತು. ಅಪ್ಪ ಅವ್ವಂದಿರಲ್ಲೂ ಒಂದು ವಿನಂತಿ. ಮಗ ಕಾರಿನ ಮಾತೆತ್ತಿದಾಗ ಎದ್ದು ಹೋಗಬೇಡಿ, 'ಯಾಕೆ ಬೇಕಪ್ಪ?' ಎಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ಕೂತಿರಿ.

ನಿಮಗೆ ಕೊನೆಯದಾಗಿ. ಭಾನುವಾರದ ಗಡುವು ಮಾರುವವರದು, ನಿಮ್ಮದಲ್ಲ. ಇಂಥ ಕಾರುಗಳು ಇನ್ನೂ ಬರುತ್ತವೆ. 25,000 ಟೋಕನ್ ಕೊಡಬೇಡಿ, ಪಿಎಫ್ ಮುರಿಸಬೇಡಿ, ಮನೆಯ ಬಂಗಾರ ಅಡ ಇಡಬೇಡಿ. ಅಪ್ಪನ ಜತೆ ಮಾತಾದ ಮೇಲೆ ಏನಾಯಿತೆಂದು ನನಗೆ ಬರೆಯಿರಿ.